ಕಂಬಕ್ಕೆ ತಾಗಿತೇ, ಇಲ್ಲವೇ?

2023ರ ಆಗಸ್ಟ್ 19, ಶನಿವಾರ ರಾತ್ರಿ. ಆಸ್ಟ್ರೇಲಿಯಾದ ಅಡಿಲೇಡ್ ಓವಲ್ ಮೈದಾನದಲ್ಲಿ ಅಡಿಲೇಡ್ ಮತ್ತು ಸಿಡ್ನಿ ತಂಡಗಳ ನಡುವಣ ಫುಟ್‌ಬಾಲ್ ಪಂದ್ಯ ಮುಗಿಯಲು ಒಂದು ನಿಮಿಷಕ್ಕಿಂತ ತುಸುವೇ ಹೆಚ್ಚು ಸಮಯ ಉಳಿದಿತ್ತು. ಅಡಿಲೇಡ್‌ನ ಬೆನ್ ಕೀಸ್ ಒದ್ದ ಚೆಂಡು ಎರಡು ಗೋಲು ಕಂಬಗಳ ನಡುವೆ ಹಾದುಹೋಯಿತು. ಆತ ಗೆದ್ದೆನೆಂದು ಸಂಭ್ರಮಿಸಿದ. ಆದರೆ ಕಂಬದ ಬಳಿಯಲ್ಲೇ ನಿಂತಿದ್ದ ಗೋಲು ಅಂಪೈರ್‌ಗೆ ಚೆಂಡು ಕಂಬವನ್ನು ಸವರಿಕೊಂಡು ಹೋದಂತೆ ಕಂಡಿತು. ಆರು ಅಂಕದ ಬದಲು ಒಂದೇ ಅಂಕ ಎಂದು ಆತ ತೀರ್ಪಿತ್ತ. ವಿಡಿಯೋ ನೋಡಬೇಕೆಂದು ಯಾರೂ ಕೇಳಲಿಲ್ಲ. ಆಟ ಮುಂದುವರಿಯಿತು, ಸಿಡ್ನಿ ಗೆದ್ದಿತು. ಗೆಲುವಿನ ಅಂತರ ಒಂದೇ ಒಂದು ಅಂಕ.

ಮನೆಗಳಲ್ಲಿ ಟೀವಿಯ ಮುಂದೆ ಕುಳಿತವರಿಗೆ ಮರುಪ್ರಸಾರದಲ್ಲಿ ಸತ್ಯ ಕಾಣಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಚೆಂಡು ಕಂಬಕ್ಕೆ ತಾಗಿರಲೇ ಇಲ್ಲ. ಮರುದಿನ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ (ಎಎಫ್‌ಎಲ್) ಅಂದಿನ ಮುಖ್ಯಸ್ಥ ಗಿಲನ್ ಮೆಕ್‌ಲಾಕ್ಲನ್ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದರು. ಆ ಅಂಪೈರ್‌ಗೆ ಉಳಿದ ಋತುವಿನಲ್ಲಿ ಕೆಲಸವಿರಲಿಲ್ಲ. ಆದರೆ ಫಲಿತಾಂಶ ಬದಲಾಗಲಿಲ್ಲ. ಅಂತಿಮ ಸುತ್ತಿಗೇರುವ ಅಡಿಲೇಡ್‌ನ ಆಸೆ ಅಲ್ಲಿಗೇ ಮುಗಿಯಿತು. ಎಂಟನೆಯ ಸ್ಥಾನ ಹಿಡಿದು ಒಳಗೆ ಹೋದದ್ದು ಸಿಡ್ನಿ.

ಅಡಿಲೇಡ್ ಅಭಿಮಾನಿಗಳು ಕೇಳಿದ ಪ್ರಶ್ನೆ ಸರಳವಾದದ್ದು: ಇಷ್ಟೆಲ್ಲ ಕ್ಯಾಮೆರಾ ಇಟ್ಟಿರುವುದು ಯಾತಕ್ಕೆ? ತಪ್ಪು ನಡೆಯದಿರಲೆಂದೇ ತಂದ ವ್ಯವಸ್ಥೆ ಬಂದು ಹನ್ನೊಂದು ವರ್ಷಗಳಾಗಿದ್ದವು. ಹಾಗಿದ್ದೂ ಅಂಪೈರ್‌ಗಳ ಮೇಲಿನ ಸಿಟ್ಟು ಇಳಿಯುವ ಬದಲು ಏರುತ್ತಲೇ ಹೋಯಿತು. ಹೀಗೇಕಾಯಿತು ಎಂಬುದನ್ನು ತಿಳಿಯಲು ಮೊದಲು ಆ ಆಟದ ಲೆಕ್ಕಾಚಾರವನ್ನು ತಿಳಿಯಬೇಕು.

ಆರು ಮತ್ತು ಒಂದು

ಆಸ್ಟ್ರೇಲಿಯಾದವರು ಪ್ರೀತಿಯಿಂದ ‘ಫುಟಿ’ ಎಂದು ಕರೆಯುವ ಈ ಆಟ ನಮ್ಮಲ್ಲಿ ಕಾಣುವ ಫುಟ್‌ಬಾಲ್ ಅಲ್ಲ, ರಗ್ಬಿಯೂ ಅಲ್ಲ. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ, ಒಂದೊಂದು ತಂಡದಲ್ಲಿ 18 ಆಟಗಾರರು. ಚೆಂಡನ್ನು ಒದೆಯಬಹುದು, ಅಂಗೈಯಲ್ಲಿಟ್ಟು ಮತ್ತೊಂದು ಕೈಯ ಮುಷ್ಟಿಯಿಂದ ಗುದ್ದಿ ಜತೆಗಾರನಿಗೆ ದಾಟಿಸಬಹುದು, ಆದರೆ ಎಸೆಯುವಂತಿಲ್ಲ. ‘ಆಫ್‌ಸೈಡ್’ ಎಂಬ ಕಟ್ಟುಪಾಡು ಇಲ್ಲ. ಆದ್ದರಿಂದ ಆಟ ಸಾಗುತ್ತಿರುವಾಗ 36 ಮಂದಿಯೂ ಮೈದಾನದ ಯಾವ ಮೂಲೆಯಲ್ಲಿ ಬೇಕಾದರೂ ಇರಬಹುದು.

ಮೈದಾನದ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಎತ್ತರದ ಕಂಬಗಳು ಗೋಲಿನವು, ಅವುಗಳ ನಡುವಣ ಅಂತರ 6.4 ಮೀಟರ್. ಒದ್ದ ಚೆಂಡು ಯಾರ ಮೈಗೂ ಕೈಗೂ ತಾಗದೆ ಈ ಎರಡರ ನಡುವೆ ದಾಟಿದರೆ ಗೋಲು, 6 ಅಂಕ. ಚೆಂಡು ಗೋಲು ಕಂಬಕ್ಕೆ ತಾಗಿದರೆ, ದಾಟುವ ಮುನ್ನ ಎದುರಾಳಿಯ ಬೆರಳ ತುದಿ ಸೋಕಿದರೆ, ಅಥವಾ ಪಕ್ಕದ ಗಿಡ್ಡ ಕಂಬದ ಕಡೆಗೆ ಸರಿದರೆ ‘ಬಿಹೈಂಡ್’, ಅಂದರೆ 1 ಅಂಕ ಮಾತ್ರ.

ನಮಗೆ ಪರಿಚಿತವಾದ ಫುಟ್‌ಬಾಲ್‌ನಲ್ಲಿ ಕಂಬಕ್ಕೆ ಬಡಿದ ಚೆಂಡು ಒಳಗೆ ಹೋದರೆ ಅದೂ ಗೋಲೇ. ಇಲ್ಲಿ ಹಾಗಲ್ಲ. ಕೂದಲೆಳೆಯಷ್ಟು ತಾಗಿದರೂ ಐದು ಅಂಕ ನಷ್ಟ. ಪಂದ್ಯಗಳು ಒಂದೆರಡು ಅಂಕಗಳಲ್ಲಿ ತೀರ್ಮಾನವಾಗುವುದುಂಟು. ಹೀಗಾಗಿ ‘ತಾಗಿತೇ, ಇಲ್ಲವೇ’ ಎಂಬ ಪ್ರಶ್ನೆಗೆ ಈ ಆಟದಲ್ಲಿ ಇರುವಷ್ಟು ತೂಕ ಬೇರೆ ಆಟಗಳಲ್ಲಿ ಇರುವುದು ಅಪರೂಪ.

ಬಿಳಿ ಅಂಗಿಯವರು

ಈ ಆಟ ಹುಟ್ಟಿದ್ದು ಮೆಲ್ಬರ್ನ್ ನಗರದಲ್ಲಿ, ಅದೂ ಕ್ರಿಕೆಟ್ ಆಟಗಾರರ ಕೈಯಲ್ಲಿ. 1858ರ ಜುಲೈನಲ್ಲಿ ಟಾಮ್ ವಿಲ್ಸ್ ಎಂಬ ಹೆಸರಾಂತ ಕ್ರಿಕೆಟಿಗ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಂತೆ ಫುಟ್‌ಬಾಲ್ ಕ್ಲಬ್ ಕಟ್ಟಬೇಕೆಂದು ಸೂಚಿಸಿದ. ಮರುವರ್ಷ, 1859ರ ಮೇ 17ರಂದು, ಆತನೂ ಮೆಲ್ಬರ್ನ್ ಕ್ಲಬ್‌ನ ಕೆಲವು ಗೆಳೆಯರೂ ಕುಳಿತು ಮೊದಲ ನಿಯಮಗಳನ್ನು ಬರೆದರು. ಒಂದು ಹಾಳೆಯಲ್ಲಿ ಹಿಡಿಯುವಷ್ಟೇ ಇದ್ದವು ಅವು. ಜಗಳ ಬಂದರೆ ಮೊದಮೊದಲು ಎರಡೂ ತಂಡದ ನಾಯಕರೇ ಮಾತಾಡಿ ಬಗೆಹರಿಸಿಕೊಳ್ಳುತ್ತಿದ್ದರು. ಪಂದ್ಯಗಳಿಗೆ ಜನ ಸೇರತೊಡಗಿ ಪೈಪೋಟಿ ಬಲಿತಂತೆ ಅಂಪೈರ್ ಬೇಕಾಯಿತು.

ಬಹುಕಾಲ ಅಷ್ಟು ದೊಡ್ಡ ಮೈದಾನಕ್ಕೆ ಒಬ್ಬನೇ ಮುಖ್ಯ ಅಂಪೈರ್. 1976ರಲ್ಲಿ ಇಬ್ಬರಾದರು, 1994ರಲ್ಲಿ ಮೂವರು, 2023ರಲ್ಲಿ ನಾಲ್ವರು. ಇವರಲ್ಲದೆ ಗೆರೆ ಕಾಯಲು ನಾಲ್ವರು, ಗೋಲು ಕಾಯಲು ಇಬ್ಬರು. ಒಟ್ಟು ಹತ್ತು ಮಂದಿ. ಆಟದ ವೇಗ ಹೆಚ್ಚಿದಂತೆ ಕಣ್ಣುಗಳ ಸಂಖ್ಯೆಯೂ ಹೆಚ್ಚಿದೆ. ಆದರೆ ನಾಲ್ವರು ಮುಖ್ಯ ಅಂಪೈರ್‌ಗಳಾದಾಗ ಅಭಿಮಾನಿಗಳು ಹೊಸದೊಂದು ದೂರು ಹಿಡಿದರು: ಒಂದೇ ಬಗೆಯ ತಪ್ಪಿಗೆ ಈ ತುದಿಯಲ್ಲೊಂದು ತೀರ್ಪು, ಆ ತುದಿಯಲ್ಲೊಂದು ತೀರ್ಪು.

ಗೋಲು ಅಂಪೈರ್ ಈ ಆಟದ ವಿಶಿಷ್ಟ ಪಾತ್ರ. ದಶಕಗಳ ಕಾಲ ಆತ ಉದ್ದನೆಯ ಬಿಳಿ ಕೋಟು, ಅಗಲ ಅಂಚಿನ ಹ್ಯಾಟು ಧರಿಸಿ ಗೋಲಿನ ನಡುವೆ ನಿಲ್ಲುತ್ತಿದ್ದ. ಗೋಲಾದರೆ ಎರಡು ಕೈಗಳ ತೋರುಬೆರಳುಗಳನ್ನು ಮುಂದಕ್ಕೆ ಚಾಚಿ, ಬಳಿಕ ಎರಡು ಬಿಳಿ ಬಾವುಟ ಬೀಸುತ್ತಿದ್ದ. ಬಿಹೈಂಡ್ ಆದರೆ ಒಂದು ಬೆರಳು, ಒಂದು ಬಾವುಟ. ಕೋಟು, ಹ್ಯಾಟು ಹೋದವು, ಬಾವುಟ ಉಳಿದಿದೆ. ಮುಖ್ಯ ಅಂಪೈರ್‌ಗಳೂ ತಲೆಮಾರುಗಳ ಕಾಲ ಬಿಳಿ ಉಡುಪಿನಲ್ಲೇ ಇದ್ದುದರಿಂದ ಪ್ರೇಕ್ಷಕರು ಅವರಿಗೆ ಇಟ್ಟ ಅಡ್ಡಹೆಸರು ‘ಬಿಳಿ ಹುಳು’. ಕೊಳೆತ ಮಾಂಸದಲ್ಲಿ ಕಾಣುವ ಹುಳು ಎಂದರ್ಥ. ಉಡುಪಿನ ಬಣ್ಣ ಬದಲಾದರೂ ಬೈಗುಳ ಬದಲಾಗಲಿಲ್ಲ.

ಅಂಪೈರ್‌ಗಳು ಮೈದಾನಕ್ಕೆ ಇಳಿಯುತ್ತಿದ್ದಂತೆಯೇ, ಇನ್ನೂ ಒಂದು ತೀರ್ಪನ್ನೂ ಕೊಡದಿರುವಾಗಲೇ, ಅವರನ್ನು ಕೂಗಿ ಛೇಡಿಸುವುದು ಅಲ್ಲಿನ ಪದ್ಧತಿ. ಇದರಲ್ಲಿ ಅರ್ಧ ಸಿಟ್ಟು, ಅರ್ಧ ತಮಾಷೆ. ಅಜ್ಜನಿಂದ ಮೊಮ್ಮಗ ಕಲಿಯುವ ವಿದ್ಯೆಗಳಲ್ಲಿ ಇದೂ ಒಂದು. ಒಂದು ಸೋಜಿಗವೆಂದರೆ, ಆಟದ ಅತ್ಯಂತ ಗೌರವದ ವೈಯಕ್ತಿಕ ಪ್ರಶಸ್ತಿಯಾದ ಬ್ರೌನ್ಲೋ ಪದಕ ಯಾರಿಗೆ ಸಲ್ಲಬೇಕೆಂದು 1924ರಿಂದಲೂ ಮತ ಹಾಕುತ್ತಿರುವವರು ಇದೇ ಅಂಪೈರ್‌ಗಳು. ತಮ್ಮ ನೆಚ್ಚಿನ ಆಟಗಾರನಿಗೆ ಅವರು ಮತ ಕೊಟ್ಟರೆ ಕಣ್ಣು ಚುರುಕು, ಫ್ರೀ ಕಿಕ್ ಕೊಡದಿದ್ದರೆ ಕಣ್ಣೇ ಇಲ್ಲ!

ಕ್ಯಾಮೆರಾ ಬಂದ ಕಥೆ

ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ಅಂದರೆ ನಮ್ಮ ಕ್ರಿಕೆಟ್ ಪ್ರಿಯರಿಗೆ ಚಿರಪರಿಚಿತವಾದ ಎಂಸಿಜಿಯಲ್ಲಿ, ಗ್ರ್ಯಾಂಡ್ ಫೈನಲ್ ನಡೆಯುವುದು ವಾಡಿಕೆ. ಸುಮಾರು ಒಂದು ಲಕ್ಷ ಜನ ಸೇರುತ್ತಾರೆ. 2009ರ ಫೈನಲ್‌ನಲ್ಲಿ ಜಿಲಾಂಗ್ ತಂಡದ ಟಾಮ್ ಹಾಕಿನ್ಸ್ ಒದ್ದ ಚೆಂಡು ಕಂಬಕ್ಕೆ ತಾಗಿತ್ತು. ಗೋಲು ಅಂಪೈರ್‌ಗೆ ಅದು ತಿಳಿಯಲಿಲ್ಲ, 6 ಅಂಕ ಕೊಟ್ಟ. ಜಿಲಾಂಗ್ 80, ಸೇಂಟ್ ಕಿಲ್ಡಾ 68. ಅಂತರ 12 ಅಂಕವಿದ್ದುದರಿಂದ ಅದೊಂದು ಗೋಲೇ ಪಂದ್ಯವನ್ನು ನಿರ್ಧರಿಸಿತು ಎನ್ನುವಂತಿಲ್ಲ. ಆದರೆ ಸೇಂಟ್ ಕಿಲ್ಡಾ ಅಭಿಮಾನಿಗಳ ಎದೆಯಿಂದ ಆ ಕಂಬ ಇಂದಿಗೂ ಕದಲಿಲ್ಲ. ಆ ಕ್ಲಬ್ ಇತಿಹಾಸದಲ್ಲಿ ಪ್ರಶಸ್ತಿ ಗೆದ್ದದ್ದು ಒಮ್ಮೆ ಮಾತ್ರ, 1966ರಲ್ಲಿ.

2011ರ ಫೈನಲ್‌ನಲ್ಲಿ ಅದೇ ಕಥೆ ಮರುಕಳಿಸಿತು. ಕಾಲಿಂಗ್‌ವುಡ್‌ನ ಶರಾಡ್ ವೆಲಿಂಗಮ್ ಒದ್ದ ಚೆಂಡು ಕಂಬವನ್ನು ಸವರಿತ್ತು. ಈ ಬಾರಿಯೂ ಗೋಲು ಕೊಟ್ಟರು. ತಪ್ಪಿನಿಂದ ಲಾಭ ಪಡೆದ ಕಾಲಿಂಗ್‌ವುಡ್ ಕೊನೆಗೆ ಸೋತದ್ದರಿಂದ ಗಲಾಟೆ ದೊಡ್ಡದಾಗಲಿಲ್ಲ. ಆದರೆ ಮೂರು ವರ್ಷಗಳಲ್ಲಿ ಎರಡು ಫೈನಲ್‌ಗಳಲ್ಲಿ, ಇಡೀ ದೇಶ ಟೀವಿಯಲ್ಲಿ ನೋಡುತ್ತಿರುವಾಗ, ನೋಡಲಾಗದಿದ್ದವನು ತೀರ್ಪು ಕೊಡಬೇಕಾದ ಅಂಪೈರ್ ಒಬ್ಬನೇ ಎಂಬಂತಾಯಿತು. 2012ರಿಂದ ಅಂಕಗಳ ವಿಷಯದಲ್ಲಿ ವಿಡಿಯೋ ಪರಿಶೀಲನೆ ಜಾರಿಗೆ ಬಂತು. ಮೊದಲು ಆಯಾ ಮೈದಾನಗಳಲ್ಲೇ ನಡೆಯುತ್ತಿದ್ದ ಈ ಕೆಲಸವನ್ನು 2019ರಲ್ಲಿ ಮೆಲ್ಬರ್ನ್‌ನ ಒಂದೇ ಕೇಂದ್ರಕ್ಕೆ ತಂದರು. ಅದಕ್ಕೆ ‘ಆರ್ಕ್’ ಎಂದು ಹೆಸರು. ದೇಶದ ಯಾವ ಊರಿನಲ್ಲಿ ಪಂದ್ಯ ನಡೆದರೂ ಚಿತ್ರಗಳು ಅಲ್ಲಿನ ಕೋಣೆಗೆ ಬರುತ್ತವೆ.

ವ್ಯವಸ್ಥೆ ನಡೆಯುವ ಬಗೆ ಹೀಗೆ. ಗೋಲು ಅಂಪೈರ್‌ಗೆ ಅನುಮಾನವಿದ್ದರೆ ಮೊದಲು ತನಗೆ ಏನನ್ನಿಸಿತು ಎಂದು ಹೇಳಬೇಕು. ಬಳಿಕ ಕೇಂದ್ರದವರು ಚಿತ್ರ ನೋಡುತ್ತಾರೆ. ಚಿತ್ರದಲ್ಲಿ ಸ್ಪಷ್ಟ ಪುರಾವೆ ಸಿಕ್ಕರೆ ಅದೇ ತೀರ್ಪು. ಸಿಗದಿದ್ದರೆ ಅಂಪೈರ್ ಮೊದಲು ಹೇಳಿದ್ದೇ ನಿಲ್ಲುತ್ತದೆ. ಅಂಪೈರ್ ಕೇಳದಿದ್ದರೂ ಕೇಂದ್ರದವರು ತಾವಾಗಿಯೇ ಮಧ್ಯೆ ಪ್ರವೇಶಿಸಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನೇ ನಿಯಮವಾಗಿ ಬರೆದಂತಿದೆ.

ಪ್ರಮಾಣಿಸಿ ನೋಡಲು ಪುರುಸೊತ್ತೆಲ್ಲಿ?

ಹಾಗಾದರೆ ಅಡಿಲೇಡ್‌ನಲ್ಲಿ ಆದದ್ದೇನು? ಇಲ್ಲಿದೆ ಸಿಕ್ಕು. ಗೋಲಾದ ಮೇಲೆ ಚೆಂಡನ್ನು ಮೈದಾನದ ನಡುವಿಗೆ ಒಯ್ದು ಆಟ ಹೊಸದಾಗಿ ಆರಂಭಿಸಬೇಕು. ಅಷ್ಟರಲ್ಲಿ ಕೇಂದ್ರದವರು ಚಿತ್ರ ನೋಡಿ ಮುಗಿಸಬಹುದು. ಬಿಹೈಂಡ್ ಆದರೆ ಹಾಗಲ್ಲ. ರಕ್ಷಣೆಯಲ್ಲಿರುವ ತಂಡ ಚೆಂಡನ್ನು ಗೋಲಿನ ಮುಂದಿನಿಂದ ತಕ್ಷಣವೇ ಒದ್ದು ಆಟ ಮುಂದುವರಿಸಬಹುದು. ಅಂಪೈರ್ ಬಾವುಟ ಬೀಸಿ ಮುಗಿಸುವವರೆಗೂ ಕಾಯಬೇಕಾಗಿಲ್ಲ. ಆಟ ಒಮ್ಮೆ ಮುಂದುವರಿದರೆ ಅಂದು ಹಿಂದಕ್ಕೆ ಹೋಗುವಂತಿರಲಿಲ್ಲ.

ಅಂದರೆ, ಗೋಲಲ್ಲದ್ದನ್ನು ಗೋಲೆಂದು ತಪ್ಪಾಗಿ ಕೊಟ್ಟರೆ ಹಿಡಿಯುವುದು ಸುಲಭ. ಗೋಲನ್ನು ಗೋಲಲ್ಲವೆಂದು ಕೊಟ್ಟರೆ ಹಿಡಿಯುವುದು ಕಷ್ಟ. 2009 ಮತ್ತು 2011ರಲ್ಲಿ ಆದದ್ದು ಮೊದಲ ಬಗೆಯ ತಪ್ಪು. ಆ ಕಳ್ಳನಿಗಾಗಿ ಹಾಕಿದ ಬೀಗದ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆದಿತ್ತು. ಅಡಿಲೇಡ್‌ನ ಅಂಪೈರ್ ತನಗೆ ಕಂಡದ್ದು ನಿಜವೆಂದೇ ನಂಬಿದ್ದ. ಅನುಮಾನವಿದ್ದವನು ಮಾತ್ರ ಇನ್ನೊಬ್ಬರನ್ನು ಕೇಳುತ್ತಾನೆ. ದೃಢವಾಗಿ ತಪ್ಪು ತಿಳಿದವನು ಕೇಳುವುದಿಲ್ಲ.

ಚಿತ್ರ ನೋಡಿದರೂ ಜಗಳ ಮುಗಿಯುತ್ತದೆ ಎನ್ನುವಂತಿಲ್ಲ. ಟೀವಿ ಚಿತ್ರವೆಂದರೆ ಒಂದರ ಹಿಂದೊಂದು ಓಡುವ ಸ್ಥಿರಚಿತ್ರಗಳು. ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮೆರಾದ ಮುಂದೆ ಚೆಂಡು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹಾದುಹೋಯಿತೆನ್ನಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅದು 40 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಬೆರಳು ಸೋಕಿದ ಕ್ಷಣ ಈ ಎರಡರ ನಡುವೆ ಬಿದ್ದರೆ ಯಾವ ಚಿತ್ರದಲ್ಲೂ ಕಾಣುವುದಿಲ್ಲ. ಪ್ರೇಕ್ಷಕನಿಗೆ ಮಾತ್ರ ನಿಧಾನಗತಿಯ ಚಿತ್ರದಲ್ಲಿ ತನಗೆ ಬೇಕಾದದ್ದು ಕಂಡೇ ಕಾಣುತ್ತದೆ.

2022ರ ಸೆಪ್ಟೆಂಬರ್ 1ರಂದು ಬ್ರಿಸ್ಬೇನ್‌ನಲ್ಲಿ ನಡೆದ ನಾಕೌಟ್ ಪಂದ್ಯ ಇದಕ್ಕೆ ನಿದರ್ಶನ. ರಿಚ್ಮಂಡ್‌ನ ಟಾಮ್ ಲಿಂಚ್ ಒದ್ದ ಚೆಂಡು ಕಂಬದ ತುದಿಗಿಂತಲೂ ಎತ್ತರದಲ್ಲಿ ಹೋಯಿತು. ಇಂಥ ಹೊತ್ತಿನಲ್ಲಿ ಕಂಬ ಆಕಾಶದವರೆಗೂ ಬೆಳೆದಿದೆ ಎಂದು ಕಲ್ಪಿಸಿಕೊಂಡು, ಚೆಂಡು ಅದರ ಒಳಗೆ ಹೋಯಿತೋ ಮೇಲೆ ಹೋಯಿತೋ ಎಂದು ಹೇಳಬೇಕು. ಕೆಳಗೆ ನಿಂತಿದ್ದ ಅಂಪೈರ್ ಗೋಲು ಎಂದ. ಕೇಂದ್ರದವರು ಚಿತ್ರ ನೋಡಿ ಅಲ್ಲ, ಬಿಹೈಂಡ್ ಎಂದರು. ರಿಚ್ಮಂಡ್ ಸೋತದ್ದು 104-106ರಿಂದ, ಎರಡೇ ಅಂಕಗಳಿಂದ. ಋತು ಅಲ್ಲಿಗೇ ಮುಗಿಯಿತು. ಪಕ್ಕದಿಂದಲೋ ಹಿಂದಿನಿಂದಲೋ ತೆಗೆದ ಚಿತ್ರ ನೇರ ಕೆಳಗೆ ನಿಂತವನ ಕಣ್ಣಿಗಿಂತ ಹೇಗೆ ಹೆಚ್ಚು ಎಂದು ರಿಚ್ಮಂಡ್ ಅಭಿಮಾನಿಗಳು ಕೇಳಿದರು. ಒಂದು ವರ್ಷದ ನಂತರ ಅಡಿಲೇಡ್‌ನವರು ಕೇಳಿದ್ದು ಇದಕ್ಕೆ ತದ್ವಿರುದ್ಧ: ಚಿತ್ರವನ್ನೇಕೆ ನೋಡಲಿಲ್ಲ?

ಕ್ಯಾಮೆರಾ ಕಾಣದ್ದು

ಆದರೆ ಕಂಬದ ಜಗಳಗಳು ಪತ್ರಿಕೆಗಳ ತಲೆಬರಹಕ್ಕೆ ಬಂದರೂ ವಾರವಾರವೂ ಜನರ ತಾಳ್ಮೆ ಕೆಡಿಸುವುದು ಅವಲ್ಲ. ಅದಕ್ಕೆ ಕಾರಣ ಬೇರೆ ಒಂದು ನಿಯಮ. ಆಟ ನಡೆಯುವಾಗ ಇದ್ದಕ್ಕಿದ್ದಂತೆ ಇಡೀ ಕ್ರೀಡಾಂಗಣ ಒಂದೇ ಉಸಿರಿನಲ್ಲಿ ‘ಬಾಲ್!’ ಎಂದು ಕೂಗುವುದುಂಟು. ಚೆಂಡನ್ನು ಹಿಡಿದಿಟ್ಟುಕೊಂಡವನಿಗೆ ಶಿಕ್ಷೆ ಕೊಡು ಎಂಬ ಬೇಡಿಕೆ ಅದು.

ನಿಯಮ ಕೇಳಲು ಸುಲಭ. ಚೆಂಡು ಹಿಡಿದವನನ್ನು ಎದುರಾಳಿ ಕ್ರಮಬದ್ಧವಾಗಿ ಹಿಡಿದಾಗ, ಆತನಿಗೆ ಅದಕ್ಕೂ ಮುನ್ನ ಚೆಂಡನ್ನು ಸಾಗಿಸಲು ಅವಕಾಶ ಸಿಕ್ಕಿದ್ದರೆ, ಆತ ಕೂಡಲೇ ಸರಿಯಾಗಿ ಒದೆಯಬೇಕು ಇಲ್ಲವೇ ಗುದ್ದಿ ದಾಟಿಸಬೇಕು. ಆಗದಿದ್ದರೆ ಎದುರಾಳಿಗೆ ಫ್ರೀ ಕಿಕ್. ಮೊದಲು ಅವಕಾಶ ಸಿಕ್ಕಿರದಿದ್ದರೆ, ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದರೆ ಸಾಕು. ಆದರೆ ‘ಅವಕಾಶ’ ಎಂದರೆ ಎಷ್ಟು ಹೊತ್ತು? ‘ಪ್ರಾಮಾಣಿಕ ಪ್ರಯತ್ನ’ವನ್ನು ಅಳೆಯುವ ಕೋಲು ಯಾವುದು? ಮೂರು ನಾಲ್ಕು ಮಂದಿ ಒಬ್ಬರ ಮೇಲೊಬ್ಬರು ಬಿದ್ದಿರುವಾಗ ಅಂಪೈರ್ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಧರಿಸಬೇಕು. ಚೆಂಡನ್ನು ಬೇಕೆಂದೇ ಗೆರೆಯಿಂದಾಚೆ ಕಳಿಸಿದರೆ ಶಿಕ್ಷೆ ಎಂಬ ಇನ್ನೊಂದು ನಿಯಮವಿದೆ. ಅಲ್ಲಂತೂ ಆಟಗಾರನ ಮನಸ್ಸಿನೊಳಗೆ ಏನಿತ್ತೆಂದು ಊಹಿಸುವ ಕೆಲಸ. ಇವುಗಳಲ್ಲಿ ಯಾವುದಕ್ಕೂ ವಿಡಿಯೋ ಪರಿಶೀಲನೆ ಇಲ್ಲ. ಇಟ್ಟರೂ ಪ್ರಯೋಜನ ಅಷ್ಟಕ್ಕಷ್ಟೆ. ತಾಗಿತೇ ಇಲ್ಲವೇ ಎಂಬುದು ನಡೆದ ಸಂಗತಿ, ಅದನ್ನು ಚಿತ್ರ ಹೇಳಬಲ್ಲದು. ಸಾಕಷ್ಟು ಸಮಯ ಸಿಕ್ಕಿತ್ತೇ ಎಂಬುದು ಅಭಿಪ್ರಾಯ. ಅದನ್ನು ಮನುಷ್ಯನೇ ಹೇಳಬೇಕು.

ಇದರ ಮೇಲೆ ನಿಯಮಗಳೂ ಅವುಗಳ ವ್ಯಾಖ್ಯಾನವೂ ಮೇಲಿಂದ ಮೇಲೆ ಬದಲಾಗುತ್ತಿರುತ್ತವೆ. ಫ್ರೀ ಕಿಕ್ ತೆಗೆಯುವವನ ಎದುರು ನಿಂತ ಆಟಗಾರ ಅತ್ತಿತ್ತ ಕದಲಬಾರದು ಎಂಬ ನಿಯಮ 2021ರಲ್ಲಿ ಬಂತು. 2024ರಲ್ಲಿ ಋತುವಿನ ನಡುವೆಯೇ, ಹಿಡಿಯಲ್ಪಟ್ಟ ಆಟಗಾರನಿಗೆ ಕೊಡುವ ಸಮಯವನ್ನು ಕಡಿಮೆ ಮಾಡುವಂತೆ ಅಂಪೈರ್‌ಗಳಿಗೆ ಸೂಚನೆ ಹೋಯಿತು. ಮಾರ್ಚ್ ತಿಂಗಳಲ್ಲಿ ಸರಿಯಾಗಿದ್ದದ್ದು ಜೂನ್‌ನಲ್ಲಿ ತಪ್ಪಾಯಿತು. ‘ತೀರ್ಪು ಕಠಿಣವಾಗಿರಲಿ, ಸಡಿಲವಾಗಿರಲಿ, ಒಂದೇ ರೀತಿ ಇರಲಿ’ ಎಂಬ ಅಭಿಮಾನಿಗಳ ಬೇಡಿಕೆಗೆ ಕಾರಣ ಇದು.

ಅನುಮಾನ ಒಮ್ಮೆ ಹೊಕ್ಕರೆ ಲೆಕ್ಕ ಹಾಕುವ ಚಟ ಹತ್ತುತ್ತದೆ. 2016ರ ಗ್ರ್ಯಾಂಡ್ ಫೈನಲ್‌ನಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ತಂಡಕ್ಕೆ 20 ಫ್ರೀ ಕಿಕ್, ಸಿಡ್ನಿಗೆ 8. ಬುಲ್‌ಡಾಗ್ಸ್ 62 ವರ್ಷಗಳ ನಂತರ ಪ್ರಶಸ್ತಿ ಗೆದ್ದ ಆ ದಿನ ಹಲವರ ಪಾಲಿಗೆ ಕಣ್ಣೀರು ತರಿಸಿದ ಸುದಿನ. ಸಿಡ್ನಿ ಅಭಿಮಾನಿಗೆ ಮಾತ್ರ ನೆನಪಿರುವುದು 20 ಮತ್ತು 8. ಒಂದು ಕಾಲದಲ್ಲಿ ಸತತವಾಗಿ ಗೆಲ್ಲುತ್ತಿದ್ದ ಹಾಥಾರ್ನ್ ತಂಡದ ಹೆಸರಿನೊಡನೆ ‘ಫ್ರೀ ಕಿಕ್’ ಸೇರಿಸಿ ಹೇಳುವುದೇ ಎದುರಾಳಿಗಳ ಮೂದಲಿಕೆಯಾಗಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ಇದನ್ನೆಲ್ಲ ತಳ್ಳಿಹಾಕಬಹುದು. ಬಹುಪಾಲು ಅದು ನಿಜವೂ ಹೌದು. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವ ದಿನಗಳೂ ಇರುತ್ತವೆ. 2024ರ ಏಪ್ರಿಲ್‌ನಲ್ಲಿ ಅದೇ ಅಡಿಲೇಡ್ ತಂಡ ಎಸೆಂಡನ್ ಎದುರು 3 ಅಂಕಗಳಿಂದ ಸೋತಿತು. ಕೊನೆಯ ಕ್ಷಣಗಳಲ್ಲಿ ಎಸೆಂಡನ್‌ನ ಆಟಗಾರ ಚೆಂಡಿನ ಮೇಲೆ ಬಿದ್ದು ಹಿಡಿದುಕೊಂಡಾಗ ಅಡಿಲೇಡ್‌ಗೆ ಫ್ರೀ ಕಿಕ್ ಸಿಗಬೇಕಿತ್ತು ಎಂದು ಲೀಗ್ ನಂತರ ಒಪ್ಪಿಕೊಂಡಿತು. ವರ್ಷವೂ ತುಂಬದೆ ಎರಡನೆಯ ಬಾರಿ ತಪ್ಪೊಪ್ಪಿಗೆ ಕೇಳಿದ ಊರಿನವರಿಗೆ ಗಾಯದ ಮೇಲೆ ಉಪ್ಪು ಸವರಿದಂತಾಯಿತು.

ಕ್ರಿಕೆಟ್ ಕಂಡ ದಾರಿ

ಅಂಪೈರ್ ಮೇಲಿನ ಕೋಪ ಎಂಸಿಜಿ ಮೈದಾನಕ್ಕೆ ಫುಟ್‌ಬಾಲ್‌ನಿಂದಷ್ಟೇ ಬಂದದ್ದಲ್ಲ. 1981ರ ಫೆಬ್ರುವರಿಯಲ್ಲಿ ಅಲ್ಲಿಯೇ ನಡೆದ ಟೆಸ್ಟ್‌ನಲ್ಲಿ ಡೆನಿಸ್ ಲಿಲಿ ಎಸೆತಕ್ಕೆ ಎಲ್‌ಬಿಡಬ್ಲ್ಯು ಎಂಬ ತೀರ್ಪು ಬಂದಾಗ ಸುನಿಲ್ ಗಾವಸ್ಕರ್ ಸಿಟ್ಟಿಗೆದ್ದು ಜತೆಗಾರ ಚೇತನ್ ಚೌಹಾಣ್‌ರನ್ನೂ ಹೊರಗೆ ಕರೆದೊಯ್ಯಲು ಹೊರಟಿದ್ದರು. ತಂಡದ ಮ್ಯಾನೇಜರ್ ಗೆರೆಯ ಬಳಿ ತಡೆದದ್ದರಿಂದ ಪಂದ್ಯ ಉಳಿಯಿತು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಶತಕ ಬಾರಿಸಿದ ಆ ಪಂದ್ಯವನ್ನು ಭಾರತ 59 ರನ್‌ಗಳಿಂದ ಗೆದ್ದಿತೆಂಬುದು ಮುಂದಿನ ಮಾತು.

ಇಪ್ಪತ್ತೇಳು ವರ್ಷಗಳ ನಂತರ, 2008ರ ಜನವರಿಯಲ್ಲಿ, ಸಿಡ್ನಿಯಲ್ಲಿ ನಡೆದದ್ದು ಇನ್ನೂ ಕಹಿ. ಬೆಂಗಳೂರಿನ ಅನಿಲ್ ಕುಂಬ್ಳೆ ನಾಯಕತ್ವದ ಭಾರತ ತಂಡ ಸೋತದ್ದಕ್ಕಿಂತ ಹೆಚ್ಚಾಗಿ ಅಂಪೈರ್‌ಗಳ ತಪ್ಪುಗಳೇ ಸುದ್ದಿಯಾದವು. 30 ರನ್ ಗಳಿಸಿದ್ದಾಗ ಔಟಾಗಬೇಕಿದ್ದ ಆಂಡ್ರ್ಯೂ ಸೈಮಂಡ್ಸ್ 162 ರನ್ ಹೊಡೆದು ಉಳಿದರು. ಅದೇ ವರ್ಷ ಜುಲೈನಲ್ಲಿ ಕುಂಬ್ಳೆ ನಾಯಕರಾಗಿದ್ದಾಗಲೇ ಶ್ರೀಲಂಕಾದಲ್ಲಿ ಡಿಆರ್‌ಎಸ್ ಪದ್ಧತಿಯ ಮೊದಲ ಪ್ರಯೋಗ ನಡೆಯಿತು. ಭಾರತ ಅದನ್ನು ಬಹುಕಾಲ ಒಪ್ಪದೆ 2016ರ ಕೊನೆಯಲ್ಲಿ ಒಪ್ಪಿದಾಗ ತಂಡದ ಕೋಚ್ ಕೂಡ ಕುಂಬ್ಳೆಯೇ.

ಎರಡೂ ಆಟಗಳಲ್ಲಿ ಒಂದು ಸಾಮ್ಯ ಇದೆ. ಪುರಾವೆ ಸಾಲದಿದ್ದರೆ ಅಂಪೈರ್ ಮಾತೇ ನಿಲ್ಲುತ್ತದೆ. ವ್ಯತ್ಯಾಸ ಇನ್ನೂ ದೊಡ್ಡದು. ಕ್ರಿಕೆಟ್‌ನಲ್ಲಿ ತೀರ್ಪನ್ನು ಪ್ರಶ್ನಿಸುವ ಹಕ್ಕು ತಂಡಕ್ಕಿದೆ, ಆದರೆ ಇಷ್ಟೇ ಬಾರಿ ಎಂಬ ಮಿತಿಯುಂಟು. ಅದನ್ನು ಹಾಳುಮಾಡಿಕೊಂಡರೆ ಅಭಿಮಾನಿ ತನ್ನ ನಾಯಕನನ್ನೇ ಬೈಯಬೇಕು. ಅಂಪೈರ್ ಮೇಲಿನ ಭಾರ ಅಷ್ಟರಮಟ್ಟಿಗೆ ಇಳಿಯುತ್ತದೆ. ಅಲ್ಲದೆ ಪ್ರತಿ ಎಸೆತದ ನಡುವೆ ಆಟ ತಾನಾಗಿಯೇ ನಿಲ್ಲುವುದರಿಂದ ಚಿತ್ರ ನೋಡಲು ಸಮಯವಿದೆ. ಆಸ್ಟ್ರೇಲಿಯಾದ ಫುಟ್‌ಬಾಲ್‌ನಲ್ಲಿ ನಾಯಕನಿಗೆ ಅಂಥ ಹಕ್ಕಿಲ್ಲ. ಬೆನ್ ಕೀಸ್ ಎಷ್ಟೇ ಮೊರೆಯಿಟ್ಟಿದ್ದರೂ ಕೇಳುವವರಿರಲಿಲ್ಲ. ಇನ್ನು, ಪ್ರತಿ ಅನುಮಾನಕ್ಕೂ ಆಟ ನಿಲ್ಲಿಸಿದರೆ ಓಟವೇ ಜೀವಾಳವಾದ ಆಟದ ಉಸಿರು ಕಟ್ಟುತ್ತದೆ. ವಿಡಿಯೋ ತೀರ್ಪಿಗೆ ಕಾಯುವ ಹೊತ್ತನ್ನು ಹಳಿಯುವವರೂ, ವಿಡಿಯೋ ನೋಡಲಿಲ್ಲವೆಂದು ಹಳಿಯುವವರೂ ಹಲವು ಬಾರಿ ಒಬ್ಬರೇ.

ಫಲಿತಾಂಶ ಬದಲಿಸಿದ ಒಂದು ದಿನ

ನಡೆದುಹೋದ ತಪ್ಪನ್ನು ಪಂದ್ಯ ಮುಗಿದ ಮೇಲೆ ತಿದ್ದಬಾರದೇ ಎಂದು ಕೇಳಬಹುದು. ಒಮ್ಮೆ ತಿದ್ದಿದ್ದಾರೆ. 2006ರ ಏಪ್ರಿಲ್ 30ರಂದು ಟಾಸ್ಮೇನಿಯಾದ ಲಾನ್ಸೆಸ್ಟನ್‌ನಲ್ಲಿ ಫ್ರೀಮ್ಯಾಂಟಲ್ ತಂಡ ಸೇಂಟ್ ಕಿಲ್ಡಾ ವಿರುದ್ಧ 1 ಅಂಕ ಮುಂದಿದ್ದಾಗ ಪಂದ್ಯ ಮುಗಿದ ಸೈರನ್ ಕೂಗಿತು. ಅಂಪೈರ್‌ಗಳಿಗೆ ಕೇಳಿಸಲಿಲ್ಲ. ಆಟ ಮುಂದುವರಿದು ಸೇಂಟ್ ಕಿಲ್ಡಾ 1 ಅಂಕ ಗಳಿಸಿ ಪಂದ್ಯ ಸಮವಾಯಿತು. ಕೆಲವೇ ದಿನಗಳಲ್ಲಿ ಲೀಗ್ ಸಭೆ ಸೇರಿ ಆ ಅಂಕವನ್ನು ತೆಗೆದುಹಾಕಿ ಫ್ರೀಮ್ಯಾಂಟಲ್ ಗೆದ್ದಿತೆಂದು ಘೋಷಿಸಿತು.

2023ರಲ್ಲಿ ಅಡಿಲೇಡ್‌ನವರಿಗೆ ಇದು ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಆದರೆ ಎರಡೂ ಒಂದೇ ಅಲ್ಲ. ಸೈರನ್ ವಿಷಯದಲ್ಲಿ ತಪ್ಪಿದ್ದು ಗಡಿಯಾರದ ಲೆಕ್ಕ. ಆಟ ಮುಗಿದ ನಂತರ ಬಂದ ಅಂಕವನ್ನು ಕಳೆದರೆ ಸಾಕಾಯಿತು. ಅಡಿಲೇಡ್‌ನಲ್ಲಿ ತಪ್ಪಿದ್ದು ಅಂಪೈರ್ ಕಣ್ಣು. ಗೋಲು ಕೊಟ್ಟಿದ್ದರೆ ಉಳಿದ ಒಂದು ನಿಮಿಷದಲ್ಲಿ ಸಿಡ್ನಿ ಏನು ಮಾಡುತ್ತಿತ್ತೆಂದು ಯಾರೂ ಹೇಳಲಾರರು. ಕಣ್ಣಿನ ತಪ್ಪನ್ನು ಸೋಮವಾರ ತಿದ್ದಲು ಹೊರಟರೆ ಯಾವ ಪಂದ್ಯವೂ ಶನಿವಾರ ಮುಗಿಯುವುದಿಲ್ಲ.

ಶಿಳ್ಳೆ ಹಿಡಿಯುವವರಿಲ್ಲ

ಕೋಪಕ್ಕೆ ಬೆಲೆ ತೆರುವವರು ಯಾರು ಎಂಬುದು ಕೊನೆಯ ಪ್ರಶ್ನೆ. 2019ರಲ್ಲಿ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣದಲ್ಲಿ ಅಂಪೈರ್ ಒಬ್ಬರ ಬೋಳು ತಲೆಯನ್ನು ಆಡಿಕೊಂಡ ಅಭಿಮಾನಿಯನ್ನು ಹೊರಗೆ ಕಳಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ಪ್ರೇಕ್ಷಕರ ನಡತೆ ಗಮನಿಸಲೆಂದೇ ಸಿಬ್ಬಂದಿಯನ್ನು ಸಾಲುಗಳ ನಡುವೆ ಓಡಾಡಿಸಿದ್ದು ಜನರನ್ನು ಕೆರಳಿಸಿತು. ದುಡ್ಡು ಕೊಟ್ಟು ಬಂದವನಿಗೆ ಕೂಗುವ ಹಕ್ಕೂ ಇಲ್ಲವೇ ಎಂದು ಕೇಳಿದರು. ಮೂರು ವರ್ಷಗಳ ನಂತರ, 2022ರಲ್ಲಿ, ನಿರ್ಬಂಧ ಆಟಗಾರರಿಗೂ ಬಿಗಿಯಾಯಿತು. ತೀರ್ಪು ಕೇಳಿ ‘ಇದೇನಿದು’ ಎಂಬಂತೆ ಎರಡೂ ಕೈ ಚಾಚಿದರೂ ಸಾಕು, ಎದುರಾಳಿಗೆ 50 ಮೀಟರ್ ಮುಂದಿನಿಂದ ಒದೆಯುವ ಅವಕಾಶ. ಇದೂ ಅತಿಯಾಯಿತು ಎಂದವರೇ ಹೆಚ್ಚು.

ಆದರೆ ಅದರ ಹಿಂದಿದ್ದ ಕಾರಣ ದೊಡ್ಡ ಕ್ರೀಡಾಂಗಣದಲ್ಲಿರಲಿಲ್ಲ. ದೇಶದ ಉದ್ದಗಲಕ್ಕೂ ಶನಿವಾರ, ಭಾನುವಾರ ಬೆಳಗ್ಗೆ ಬಡಾವಣೆಗಳ, ಹಳ್ಳಿಗಳ ಮೈದಾನಗಳಲ್ಲಿ ಮಕ್ಕಳ, ಹವ್ಯಾಸಿಗಳ ಪಂದ್ಯಗಳು ನಡೆಯುತ್ತವೆ. ಅಲ್ಲಿ ಶಿಳ್ಳೆ ಹಿಡಿಯುವವರಲ್ಲಿ ಹದಿಹರೆಯದ ಹುಡುಗ ಹುಡುಗಿಯರೂ ಇರುತ್ತಾರೆ. ಅಂಥ ಅಂಪೈರ್‌ಗಳ ಕೊರತೆ ಸಾವಿರಗಳ ಲೆಕ್ಕದಲ್ಲಿತ್ತು. ಬೈಗುಳ ಕೇಳಲಾರದೆ ಬಿಟ್ಟುಹೋದವರು ಹಲವರು. ಟೀವಿಯಲ್ಲಿ ನೆಚ್ಚಿನ ಆಟಗಾರ ಕೈ ಚಾಚಿದ್ದನ್ನು ಕಂಡ ಹುಡುಗ ಮರುದಿನ ತನ್ನ ಪಂದ್ಯದಲ್ಲಿ ಅದನ್ನೇ ಮಾಡುತ್ತಾನೆ. ಗೆರೆಯಾಚೆ ನಿಂತ ಅಪ್ಪಂದಿರು ದೊಡ್ಡ ಕ್ರೀಡಾಂಗಣದಲ್ಲಿ ಕಲಿತ ಮಾತನ್ನೇ ಹದಿನೈದರ ಹುಡುಗಿಯ ಮೇಲೆ ಪ್ರಯೋಗಿಸುತ್ತಾರೆ. ಎಲೆನಿ ಗ್ಲೌಫ್ಟ್ಸಿಸ್ 2017ರಲ್ಲಿ ಎಎಫ್‌ಎಲ್‌ನ ಮೊದಲ ಮಹಿಳಾ ಮುಖ್ಯ ಅಂಪೈರ್ ಆದದ್ದು ಹೆಮ್ಮೆಯ ಸುದ್ದಿಯಾಗಿತ್ತು. ಆದರೆ 2022ರಲ್ಲಿ ಬೆಳಕಿಗೆ ಬಂದ ವರದಿಯೊಂದು ಈ ವೃತ್ತಿಯಲ್ಲಿ ಹೆಣ್ಣುಮಕ್ಕಳು ಅನುಭವಿಸಿದ ಕಿರುಕುಳವನ್ನು ಬಿಚ್ಚಿಟ್ಟಿತು, ಲೀಗ್ ಕ್ಷಮೆ ಕೇಳಬೇಕಾಯಿತು.

ಇಂದು ಬಡಾವಣೆಯ ಮೈದಾನದಲ್ಲಿ ಶಿಳ್ಳೆ ಕೆಳಗಿಟ್ಟು ಹೋದವರಲ್ಲೇ ನಾಳೆ ಗ್ರ್ಯಾಂಡ್ ಫೈನಲ್‌ಗೆ ಬೇಕಾದ ಚುರುಕು ಕಣ್ಣಿನವರು ಇದ್ದಿರಬಹುದು. ಒಳ್ಳೆಯ ಅಂಪೈರ್ ಬೇಕೆಂದು ಕೂಗುವ ಕೂಗೇ ಒಳ್ಳೆಯ ಅಂಪೈರ್‌ಗಳನ್ನು ಓಡಿಸುತ್ತಿದೆ.

ಹಾಗೆಂದು ಅಭಿಮಾನಿಗಳ ಕೋಪವೆಲ್ಲ ಕುರುಡೆಂದು ಹೇಳಲಾಗದು. ನಿಯಮ ಸ್ಪಷ್ಟವಾಗಿರಲಿ, ಋತುವಿನ ನಡುವೆ ಬದಲಾಗದಿರಲಿ, ಪಂದ್ಯದ ಕೊನೆಯ ನಿಮಿಷದಲ್ಲಾದರೂ ಕಂಬದ ಸಾಕ್ಷಿ ಕೇಳದೆ ಮುಂದೆ ಹೋಗದಿರಲಿ ಎಂಬ ಬೇಡಿಕೆಗಳಲ್ಲಿ ನ್ಯಾಯವಿದೆ. ಇವು ಅಂಪೈರ್‌ನ ವಿರುದ್ಧದ ಬೇಡಿಕೆಗಳೂ ಅಲ್ಲ. ಅವನಿಗೆ ನೆರವಾಗುವಂಥವು. ವಿಡಿಯೋ ಬಂದ ಮೇಲೆ ಕಂಬದ ಬಳಿ ಹಿಡಿಯಲಾದ ತಪ್ಪುಗಳು ಎಷ್ಟೋ ಇವೆ. ಆದರೆ ತಪ್ಪೇ ಇರಬಾರದೆಂಬ ನಿರೀಕ್ಷೆಯನ್ನೂ ಅದೇ ವಿಡಿಯೋ ಹುಟ್ಟಿಸಿತು. ಹಿಂದೆ ಅಂಪೈರ್ ತಪ್ಪಿದರೆ ‘ಕಾಣಲಿಲ್ಲ ಪಾಪ’ ಎನ್ನಲು ಎಡೆಯಿತ್ತು. ಲಕ್ಷಾಂತರ ಮಂದಿ ಕಂಡದ್ದು ಅವನೊಬ್ಬನಿಗೆ ಕಾಣದಿದ್ದರೆ ಈಗ ಆ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ತಪ್ಪುಗಳ ಸಂಖ್ಯೆ ಇಳಿದಷ್ಟೂ ಉಳಿದ ಒಂದು ತಪ್ಪಿನ ಭಾರ ಹೆಚ್ಚುತ್ತದೆ. ಆ ಭಾರ ಹೊರುವ ಕೆಲಸವನ್ನು ಮಾತ್ರ ಯಾವ ಕ್ಯಾಮೆರಾಕ್ಕೂ ವಹಿಸಲು ಬರುವುದಿಲ್ಲ.